ಸ್ಯಾಂಟಾಂಡರ್ ಷೇರು: ಲಾಭಕ್ಕಿಂತ ಮೊದಲು ನೋಡಬೇಕಾದ ಲೆಕ್ಕ

ಸ್ಪೇನಿನ ಸ್ಯಾಂಟಾಂಡರ್ ಬ್ಯಾಂಕಿನ ಷೇರು 2024ರ ಕೊನೆಯಲ್ಲಿ ಸುಮಾರು 4.46 ಯೂರೊಗೆ ಸಿಗುತ್ತಿತ್ತು. ಮರುವರ್ಷದ ಕೊನೆಗೆ ಅದರ ಬೆಲೆ 10 ಯೂರೊ ಆಸುಪಾಸಿಗೆ ಬಂತು. ಒಂದೇ ವರ್ಷದಲ್ಲಿ ದುಪ್ಪಟ್ಟು ಮೀರಿದ ಮೇಲೆ ‘ಈಗಲೂ ಕೊಳ್ಳಬಹುದೇ, ಇಲ್ಲ ತಡವಾಯಿತೇ’ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರಕ್ಕಾಗಿ ಹೆಚ್ಚಿನವರು ಮೊದಲು ಪಿ/ಇ ಅನುಪಾತ (ಬೆಲೆಯು ಪ್ರತಿ ಷೇರಿನ ಗಳಿಕೆಯ ಎಷ್ಟು ಪಟ್ಟು ಎಂಬುದು) ನೋಡುತ್ತಾರೆ, ಆಮೇಲೆ ಡಿವಿಡೆಂಡ್ ನೋಡುತ್ತಾರೆ. ಬ್ಯಾಂಕ್ ಷೇರಿನ ಮಟ್ಟಿಗೆ ಇವೆರಡನ್ನೂ ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಕಾರಣ ಸರಳ. ಕೊಟ್ಟ ಸಾಲದಲ್ಲಿ ಎಷ್ಟು ಮುಳುಗಬಹುದು ಎಂದು ಬ್ಯಾಂಕೇ ಅಂದಾಜು ಮಾಡಿ, ಅಷ್ಟನ್ನು ತೆಗೆದಿಟ್ಟ ಮೇಲೆ ಉಳಿಯುವುದೇ ಬ್ಯಾಂಕಿನ ಲಾಭ. ಅಂದಾಜು ಸ್ವಲ್ಪ ಸಡಿಲವಾದರೂ ಲಾಭ ಉಬ್ಬುತ್ತದೆ. ಷೇರುದಾರನ ಪಾಲಿಗೆ ನಿಜವಾಗಿ ಏನು ಸೇರಿತು ಎಂದು ತಿಳಿಯಲು ಬೇರೊಂದು ಲೆಕ್ಕ ಬೇಕು: ಪ್ರತಿ ಷೇರಿನ ಟ್ಯಾಂಜಿಬಲ್ ಬುಕ್ ವ್ಯಾಲ್ಯೂ ಮತ್ತು ಆ ವರ್ಷ ಕೊಟ್ಟ ಡಿವಿಡೆಂಡ್ ಎರಡೂ ಸೇರಿ ಯೂರೊದಲ್ಲಿ ಎಷ್ಟು ಬೆಳೆದವು? ಷೇರುದಾರರ ಬಂಡವಾಳದಿಂದ ಗುಡ್‌ವಿಲ್, ಸಾಫ್ಟ್‌ವೇರ್‌ನಂಥ ಕೈಗೆ ಸಿಗದ ಆಸ್ತಿಗಳನ್ನು ಕಳೆದು, ಉಳಿದದ್ದನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿದರೆ ಆ ಬುಕ್ ವ್ಯಾಲ್ಯೂ ಸಿಗುತ್ತದೆ. ಸ್ಯಾಂಟಾಂಡರ್ ಪ್ರತಿ ತ್ರೈಮಾಸಿಕ ವರದಿಯಲ್ಲೂ ಇದನ್ನು ತಾನೇ ಲೆಕ್ಕ ಹಾಕಿ ಕೊಡುತ್ತದೆ.

ಆ ಸಂಖ್ಯೆ 2019ರ ಕೊನೆಗೆ 4.36 ಯೂರೊ ಇತ್ತು, 2020ರಲ್ಲಿ 3.79ಕ್ಕೆ ಇಳಿಯಿತು. 2022ರಲ್ಲಿ 4.26, 2023ರಲ್ಲಿ 4.76, 2024ರ ಕೊನೆಗೆ 5.24. ಕೊನೆಯ ವರ್ಷದಲ್ಲಿ ಬೆಳವಣಿಗೆ 48 ಸೆಂಟ್. ಅದೇ ವರ್ಷ ಕೈಗೆ ಬಂದ ಡಿವಿಡೆಂಡ್ 19.5 ಸೆಂಟ್. ಎರಡೂ ಸೇರಿ 4.76ರ ಮೇಲೆ ಶೇ 14. ಷೇರುದಾರನ ಆ ವರ್ಷದ ನಿಜವಾದ ಗಳಿಕೆ ಇದು. ಅದೇ ವರ್ಷ ಬ್ಯಾಂಕ್ ಘೋಷಿಸಿದ ಲಾಭ 1,257 ಕೋಟಿ ಯೂರೊ, ಟ್ಯಾಂಜಿಬಲ್ ಬಂಡವಾಳದ ಮೇಲೆ ಶೇ 16.3. ಈ ಎರಡು ಶೇಕಡಾಗಳ ನಡುವಿನ ಅಂತರ ಎಲ್ಲಿ ಸೋರಿಹೋಯಿತು ಎಂದು ಹುಡುಕುತ್ತ ಹೋದರೆ ಈ ಬ್ಯಾಂಕಿನ ಗುಟ್ಟು ತಿಳಿಯುತ್ತದೆ.

ಸೋರುವ ಮೊದಲ ಜಾಗ ಎಟಿ1 ಬಾಂಡ್‌ಗಳ ಬಡ್ಡಿ. ಇವು ಬಂಡವಾಳದಂತೆ ಲೆಕ್ಕಕ್ಕೆ ಬರುವ ಸಾಲಪತ್ರಗಳು. ಇವುಗಳ ಬಡ್ಡಿಯನ್ನು ಲಾಭ-ನಷ್ಟದ ಪಟ್ಟಿಯಲ್ಲಿ ತೋರಿಸುವುದಿಲ್ಲ, ನೇರವಾಗಿ ಬಂಡವಾಳದಿಂದಲೇ ಕಳೆಯುತ್ತಾರೆ. ಆದ್ದರಿಂದ ಒಟ್ಟು ಲಾಭವನ್ನು ಷೇರುಗಳ ಸಂಖ್ಯೆಯಿಂದ ಸುಮ್ಮನೆ ಭಾಗಿಸಿದರೆ ತಪ್ಪು ಉತ್ತರ ಬರುತ್ತದೆ. ಈ ಬಡ್ಡಿ ಕಳೆದ ಮೇಲೆ 2024ರ ಪ್ರತಿ ಷೇರಿನ ಗಳಿಕೆ 77 ಸೆಂಟ್, ಬಂಡವಾಳದ ಮೇಲಿನ ಪ್ರತಿಫಲ ಸುಮಾರು ಶೇ 15.5. ಯುರೋಪಿನ ಯಾವ ಬ್ಯಾಂಕನ್ನು ಅಳೆಯುವಾಗಲೂ ಈ ಎರಡನೆಯ ಪ್ರತಿಫಲವನ್ನೇ ಬಳಸಿ.

ಸೋರುವ ಎರಡನೆಯ ಜಾಗ ಇನ್ನೂ ದೊಡ್ಡದು, ಅದು ಕರೆನ್ಸಿ.

ಯೂರೊದಲ್ಲಿ ಅಳೆದಾಗ ಬ್ರೆಜಿಲ್ ಎಷ್ಟು ಉಳಿಯುತ್ತದೆ

ಸ್ಯಾಂಟಾಂಡರ್ ಹೆಸರಿಗೆ ಯುರೋಪಿನ ಬ್ಯಾಂಕ್. 1857ರಲ್ಲಿ ಸ್ಪೇನಿನ ಉತ್ತರ ಕರಾವಳಿಯ ಬಂದರು ಪಟ್ಟಣದಲ್ಲಿ ಹುಟ್ಟಿದ್ದು, ಈಗಿನ ಕೇಂದ್ರ ಕಚೇರಿ ಮ್ಯಾಡ್ರಿಡ್ ಪಕ್ಕದ ಬೊಅದಿಯಾ ದೆಲ್ ಮೊಂತೆಯಲ್ಲಿದೆ. ಆದರೆ 2024ರ ಲಾಭವನ್ನು ದೇಶವಾರು ಬಿಡಿಸಿ ನೋಡಿದರೆ ಸ್ಪೇನ್ ಕೊಟ್ಟದ್ದು ಸುಮಾರು 376 ಕೋಟಿ ಯೂರೊ, ಬ್ರೆಜಿಲ್ 242 ಕೋಟಿ, ಮೆಕ್ಸಿಕೊ 167 ಕೋಟಿ, ಬ್ರಿಟನ್ 131 ಕೋಟಿ, ಅಮೆರಿಕ 111 ಕೋಟಿ. ಪೋರ್ಚುಗಲ್, ಪೋಲೆಂಡ್, ಚಿಲಿ, ಅರ್ಜೆಂಟೀನಾ ಮುಂತಾದವು ಉಳಿದದ್ದನ್ನು ತುಂಬಿದವು. ಲಾಭದ ದೊಡ್ಡ ಪಾಲು ಯೂರೊ ಅಲ್ಲದ ಹಣದಲ್ಲಿ ಹುಟ್ಟುತ್ತದೆ. ಷೇರುದಾರನ ಲೆಕ್ಕ ಮಾತ್ರ ಯೂರೊದಲ್ಲಿ.

2020ನ್ನೇ ತೆಗೆದುಕೊಳ್ಳಿ. ಆ ವರ್ಷ ಬ್ಯಾಂಕ್ 877 ಕೋಟಿ ಯೂರೊ ನಷ್ಟ ಘೋಷಿಸಿತು. ಅದರ ಇತಿಹಾಸದಲ್ಲೇ ಮೊದಲ ವಾರ್ಷಿಕ ನಷ್ಟ ಎಂದು ಪತ್ರಿಕೆಗಳು ಬರೆದವು. ಆದರೆ ಆ ನಷ್ಟಕ್ಕಿಂತಲೂ ದೊಡ್ಡದು, 1,010 ಕೋಟಿಯಷ್ಟು, ಗುಡ್‌ವಿಲ್ ಅಳಿಸಿದ ಲೆಕ್ಕ. ಅಂದರೆ, ಹಿಂದೆ ಬ್ರಿಟನ್ ಮುಂತಾದ ಕಡೆ ಬ್ಯಾಂಕುಗಳನ್ನು ಕೊಂಡಾಗ ಪುಸ್ತಕದ ಬೆಲೆಗಿಂತ ಹೆಚ್ಚು ಕೊಟ್ಟಿದ್ದ ಹಣ ಇನ್ನು ಮರಳಿ ಹುಟ್ಟುವುದಿಲ್ಲ ಎಂದು ಒಪ್ಪಿಕೊಂಡದ್ದು. ಗುಡ್‌ವಿಲ್ ಟ್ಯಾಂಜಿಬಲ್ ಬುಕ್ ವ್ಯಾಲ್ಯೂನಲ್ಲಿ ಮೊದಲೇ ಇಲ್ಲ, ನಿಯಂತ್ರಕರು ಕೇಳುವ ಬಂಡವಾಳದಲ್ಲೂ ಇಲ್ಲ. ಹಾಗಾಗಿ ಅದನ್ನು ಅಳಿಸಿದ್ದರಿಂದ ಆ ಬುಕ್ ವ್ಯಾಲ್ಯೂ ಒಂದು ಸೆಂಟ್ ಕೂಡ ಇಳಿಯುವುದಿಲ್ಲ. ಹಾಗಿದ್ದೂ ಅದು 4.36ರಿಂದ 3.79ಕ್ಕೆ ಬಿದ್ದದ್ದು ಮುಖ್ಯವಾಗಿ ವಿನಿಮಯ ದರದಿಂದ: ಯೂರೊಗೆ ಸುಮಾರು 4.5 ಇದ್ದ ಬ್ರೆಜಿಲ್‌ನ ರಿಯಲ್ ಒಂದೇ ವರ್ಷದಲ್ಲಿ 6.4ರ ಹತ್ತಿರಕ್ಕೆ ಕುಸಿದಿತ್ತು. ತಲೆಬರಹದಲ್ಲಿ ಬಂದ ನಷ್ಟ ಹಳೆಯ ಗಾಯ. ನಿಜವಾಗಿ ರಕ್ತ ಹೋದದ್ದು ಬ್ರೆಜಿಲ್‌ನ ಹಣ ಕುಸಿದ ಕಡೆ, ಅದು ಲಾಭ-ನಷ್ಟದ ಪಟ್ಟಿಯಲ್ಲಿ ಕಾಣಲೇ ಇಲ್ಲ.

ಇದು ಒಂದು ವರ್ಷದ ಆಕಸ್ಮಿಕವೂ ಅಲ್ಲ. 2010ರ ಕೊನೆಗೆ ಯೂರೊಗೆ ಸುಮಾರು 2.2 ರಿಯಲ್ ಇತ್ತು, 2024ರ ಕೊನೆಗೆ ಸುಮಾರು 6.4. ಹದಿನಾಲ್ಕು ವರ್ಷಗಳಲ್ಲಿ ವರ್ಷಕ್ಕೆ ಸರಾಸರಿ ಶೇ 8ರ ಹತ್ತಿರದ ಸವಕಳಿ. ಬ್ರೆಜಿಲ್ ಘಟಕದ ಲಾಭ ಅಲ್ಲಿನ ಹಣದಲ್ಲಿ ವರ್ಷಕ್ಕೆ ಶೇ 8 ಬೆಳೆದರೂ ಯೂರೊ ಲೆಕ್ಕದಲ್ಲಿ ಅದು ನಿಂತಲ್ಲೇ ನಿಂತಿರುತ್ತದೆ. ಬ್ಯಾಂಕ್ ತನ್ನ ಪ್ರಕಟಣೆಗಳಲ್ಲಿ ‘ಸ್ಥಿರ ಯೂರೊ’ ಎಂಬ ಕಾಲಂ ಇಟ್ಟು, ವಿನಿಮಯ ದರ ಬದಲಾಗದಿದ್ದರೆ ಲಾಭ ಎಷ್ಟು ಬೆಳೆಯುತ್ತಿತ್ತು ಎಂದು ತೋರಿಸುತ್ತದೆ. ಸ್ಥಳೀಯ ಆಡಳಿತ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ಆ ಕಾಲಂ ಒಳ್ಳೆಯದು. ಷೇರಿಗೆ ಎಷ್ಟು ಕೊಡಬೇಕು ಎಂದು ನಿರ್ಧರಿಸಲು ಮಾತ್ರ ಅದನ್ನು ಬಳಸಬೇಡಿ.

ಬಡ್ಡಿ ದರದ ಎರಡು ಮುಖಗಳು

ಯುರೋಪಿನ ಕೇಂದ್ರ ಬ್ಯಾಂಕಿನ ಠೇವಣಿ ದರ 2022ರ ಜುಲೈವರೆಗೆ ಮೈನಸ್ ಶೇ 0.5 ಇತ್ತು. 2023ರ ಸೆಪ್ಟೆಂಬರ್ ಹೊತ್ತಿಗೆ ಶೇ 4 ಆಯಿತು. 2024ರ ಜೂನ್‌ನಿಂದ ಇಳಿಯತೊಡಗಿ, 2025ರ ಜೂನ್‌ನಲ್ಲಿ ಶೇ 2ಕ್ಕೆ ಬಂತು. ಸ್ಪೇನಿನಲ್ಲಿ ಹಳೆಯ ಗೃಹಸಾಲಗಳ ದೊಡ್ಡ ಭಾಗ 12 ತಿಂಗಳ ಯೂರಿಬಾರ್ ದರಕ್ಕೆ (ಯುರೋಪಿನ ಬ್ಯಾಂಕುಗಳು ಪರಸ್ಪರ ಸಾಲ ಕೊಡುವ ದರ) ಕಟ್ಟಿದ್ದು, ಆರು ಅಥವಾ ಹನ್ನೆರಡು ತಿಂಗಳಿಗೊಮ್ಮೆ ಬದಲಾಗುತ್ತವೆ. ದರ ಏರಿದಾಗ ಸಾಲದ ಬಡ್ಡಿ ಬೇಗ ಏರಿತು, ಉಳಿತಾಯ ಖಾತೆಗೆ ಕೊಡುವ ಬಡ್ಡಿ ಬಹಳ ನಿಧಾನವಾಗಿ ಏರಿತು. ನಡುವಿನ ಅಂತರವೇ ಆ ಎರಡು ವರ್ಷಗಳ ಲಾಭ. ದರ ಇಳಿಯುವಾಗ ಇದೇ ಗಾಲಿ ಹಿಂದಕ್ಕೆ ತಿರುಗುತ್ತದೆ. ಒಂದು ವರ್ಷದೊಳಗೆ ಸಾಲದ ಬಡ್ಡಿ ಇಳಿದುಬಿಡುತ್ತದೆ, ಠೇವಣಿಗೆ ಕೊಡುವುದು ಮೊದಲೇ ಕಡಿಮೆ ಇರುವುದರಿಂದ ಅಲ್ಲಿ ಉಳಿಸಲು ಏನೂ ಇರುವುದಿಲ್ಲ.

ಬ್ರೆಜಿಲ್‌ನಲ್ಲಿ ಆಟ ಇದಕ್ಕೆ ತದ್ವಿರುದ್ಧ. ಅಲ್ಲಿ ಸ್ಯಾಂಟಾಂಡರ್ ಕೊಡುವ ವಾಹನ ಸಾಲ, ಸಂಬಳದಿಂದ ಕಡಿತವಾಗುವ ವೈಯಕ್ತಿಕ ಸಾಲಗಳಿಗೆ ಬಹುತೇಕ ನಿಗದಿತ ಬಡ್ಡಿ. ಆದರೆ ತಾನು ತರುವ ಹಣಕ್ಕೆ ಕೇಂದ್ರ ಬ್ಯಾಂಕಿನ ಸೆಲಿಕ್ ದರದ ಜೊತೆಜೊತೆಗೇ ಬಡ್ಡಿ ಏರುತ್ತದೆ. 2021ರ ಆರಂಭದಲ್ಲಿ ಶೇ 2 ಇದ್ದ ಸೆಲಿಕ್ 2022ರ ಆಗಸ್ಟ್‌ಗೆ ಶೇ 13.75 ಆಯಿತು. ದುಬಾರಿ ಬಡ್ಡಿಯ ಜೊತೆಗೆ ಸಾಲ ಮುಳುಗುವುದೂ ಹೆಚ್ಚಿ, ಬ್ರೆಜಿಲ್ ಘಟಕದ ಲಾಭ 2022ರ 254 ಕೋಟಿ ಯೂರೊದಿಂದ 2023ರಲ್ಲಿ 192 ಕೋಟಿಗೆ ಇಳಿಯಿತು. ಸೆಲಿಕ್ 2025ರ ಜೂನ್‌ನಲ್ಲಿ ಶೇ 15 ತಲುಪಿತು. ಬ್ರೆಜಿಲ್ ದರ ಇಳಿಸುವುದು ಸ್ಯಾಂಟಾಂಡರ್ ಷೇರಿಗೆ ಒಳ್ಳೆಯ ಸುದ್ದಿ, ಯುರೋಪ್ ಇಳಿಸುವುದು ಕೆಟ್ಟ ಸುದ್ದಿ. ‘ಬಡ್ಡಿ ಇಳಿದರೆ ಬ್ಯಾಂಕಿಗೆ ನಷ್ಟ’ ಎಂಬ ಸಾಮಾನ್ಯ ಮಾತು ಇಲ್ಲಿ ಅರ್ಧ ಮಾತ್ರ ನಿಜ. ಬ್ರಿಟನ್‌ನಲ್ಲಿ ಗೃಹಸಾಲಗಳು ಎರಡು ಅಥವಾ ಐದು ವರ್ಷದ ನಿಗದಿತ ದರದವು, ಅಲ್ಲಿ ಪರಿಣಾಮ ಎರಡೂ ದಿಕ್ಕಿನಲ್ಲಿ ತಡವಾಗಿ ಬರುತ್ತದೆ.

ಸಾಲ ಮುಳುಗುವ ಲೆಕ್ಕ

2024ರಲ್ಲಿ ಬ್ಯಾಂಕಿನ ಆದಾಯ ಸುಮಾರು 6,200 ಕೋಟಿ ಯೂರೊ. ಅದರಲ್ಲಿ ನಿವ್ವಳ ಬಡ್ಡಿ ಆದಾಯ 4,667 ಕೋಟಿ, ಶುಲ್ಕಗಳು ಸುಮಾರು 1,300 ಕೋಟಿ. ವೆಚ್ಚ 2,600 ಕೋಟಿ, ಅಂದರೆ ಪ್ರತಿ 100 ಯೂರೊ ಆದಾಯಕ್ಕೆ 41.8 ಯೂರೊ ಖರ್ಚು. ಈ ಅನುಪಾತ ನೋಡಿ ‘ಎಂಥ ದಕ್ಷ ಬ್ಯಾಂಕ್’ ಎಂದು ಮೆಚ್ಚುವವರಿದ್ದಾರೆ. ಅದಕ್ಕೆ ಮೊದಲು ಪಕ್ಕದ ಸಾಲು ಓದಬೇಕು: ಮುಳುಗುವ ಸಾಲಕ್ಕೆ ತೆಗೆದಿಟ್ಟದ್ದು, ಅಂದರೆ ಪ್ರಾವಿಷನ್, ಸುಮಾರು 1,230 ಕೋಟಿ. ಸಾಲದ ಮೇಲೆ ಶೇ 1.15. ವಾಹನ ಸಾಲ, ಕ್ರೆಡಿಟ್ ಕಾರ್ಡ್‌ನಂಥ ಗ್ರಾಹಕ ಸಾಲಗಳಲ್ಲಿ ಬಡ್ಡಿ ಜಾಸ್ತಿ, ಮುಳುಗುವುದೂ ಜಾಸ್ತಿ. ಬಡ್ಡಿಯೆಲ್ಲ ಆದಾಯದ ಸಾಲಿನಲ್ಲಿ ಕಾಣುತ್ತದೆ, ಮುಳುಗಿದ್ದು ವೆಚ್ಚದ ಸಾಲಿನಲ್ಲಿ ಬರುವುದಿಲ್ಲ. ಹಾಗಾಗಿ ಇಂಥ ಬ್ಯಾಂಕಿನ ವೆಚ್ಚದ ಅನುಪಾತವನ್ನು ಗೃಹಸಾಲವನ್ನೇ ಮುಖ್ಯವಾಗಿ ಕೊಡುವ ಬ್ಯಾಂಕಿನ ಜೊತೆ ಹೋಲಿಸಿದರೆ ಮೋಸ ಹೋಗುತ್ತೀರಿ. ಆದಾಯದಿಂದ ಪ್ರಾವಿಷನ್ ಕಳೆದು, ಆಮೇಲೆ ಉಳಿದದ್ದರಿಂದ ವೆಚ್ಚವನ್ನು ಭಾಗಿಸಿ ಹೋಲಿಸಬೇಕು. ಇಲ್ಲಿ ಆ ಲೆಕ್ಕ ಶೇ 52ರ ಹತ್ತಿರ ಬರುತ್ತದೆ.

ಆ ಶೇ 1.15 ಸ್ವಲ್ಪ ಜರುಗಿದರೆ ಏನಾಗುತ್ತದೆ? ಸಾಲದ ಮೊತ್ತ ಸರಿಸುಮಾರು ಒಂದು ಲಕ್ಷ ಕೋಟಿ ಯೂರೊ. ಮುಳುಗುವ ದರ 0.25ರಷ್ಟು ಏರಿ 1.40 ಆದರೆ ವರ್ಷಕ್ಕೆ ಸುಮಾರು 260 ಕೋಟಿ ಹೆಚ್ಚು ತೆಗೆದಿಡಬೇಕು. 2024ರ ತೆರಿಗೆಗೆ ಮುಂಚಿನ ಲಾಭ ಸುಮಾರು 1,900 ಕೋಟಿ ಇತ್ತು. ಅದರಲ್ಲಿ ಏಳನೇ ಒಂದು ಭಾಗ ಹೋದಂತೆ. ಈ ಒಂದು ಲೆಕ್ಕವನ್ನು ಕೊಳ್ಳುವ ಮೊದಲೇ ಮಾಡಿಟ್ಟುಕೊಳ್ಳಿ.

ವಸೂಲಾಗದ ಸಾಲದ ಪ್ರಮಾಣ 2024ರ ಕೊನೆಗೆ ಶೇ 3.05, ಅದಕ್ಕೆ ಎದುರಾಗಿ ತೆಗೆದಿಟ್ಟ ಹಣ ಅದರ ಸುಮಾರು ಶೇ 65. ಈ ಸಂಖ್ಯೆಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಆದರೆ ಇದು ತಡವಾಗಿ ಮಾತಾಡುವ ಸಂಖ್ಯೆ. ಕೆಟ್ಟ ಸಾಲವನ್ನು ಕಂತೆ ಕಟ್ಟಿ ಮಾರಿದರೂ, ಪುಸ್ತಕದಿಂದ ಅಳಿಸಿಬಿಟ್ಟರೂ ಇದು ಇಳಿಯುತ್ತದೆ. ಮೊದಲು ಸುಳಿವು ಕೊಡುವುದು ಸ್ಟೇಜ್ 2 ಸಾಲಗಳು: ಕಂತು ಇನ್ನೂ ಬರುತ್ತಿದೆ, ಆದರೆ ಸಾಲ ಕೊಟ್ಟಾಗ ಇದ್ದದ್ದಕ್ಕಿಂತ ಅಪಾಯ ಗಣನೀಯವಾಗಿ ಹೆಚ್ಚಿದೆ ಎಂದು ಬ್ಯಾಂಕೇ ಗುರುತಿಸಿದ ಸಾಲಗಳು. ಸಾಲವೊಂದು ಸ್ಟೇಜ್ 1ರಿಂದ (ಅಪಾಯ ಹಾಗೆ ಹೆಚ್ಚದ ಸಾಲಗಳು) 2ಕ್ಕೆ ಜಾರಿದ ಕೂಡಲೇ ಮುಂದಿನ ಹನ್ನೆರಡು ತಿಂಗಳ ನಷ್ಟದ ಬದಲು ಸಾಲದ ಇಡೀ ಅವಧಿಯ ನಷ್ಟಕ್ಕೆ ಹಣ ತೆಗೆದಿಡಬೇಕು. ಮೂರ್ನಾಲ್ಕು ತ್ರೈಮಾಸಿಕ ಸತತವಾಗಿ ಸ್ಟೇಜ್ 2ರ ಪಾಲು ಏರುತ್ತಿದ್ದು, ಪ್ರಾವಿಷನ್ ಮಾತ್ರ ಹಾಗೇ ಇದ್ದರೆ ಆ ಲಾಭವನ್ನು ನಂಬಬೇಡಿ.

ಬಂಡವಾಳ: ಷೇರುದಾರನಿಗೆ ಏಟು ಬೀಳುವ ಜಾಗ

ಲಾಭ ಒಂದು ವರ್ಷ ಕುಸಿದರೆ ಷೇರು ಬೀಳುತ್ತದೆ, ಮತ್ತೆ ಏಳುತ್ತದೆ. ಬಂಡವಾಳ ಸಾಲದೆ ಬಂದಾಗ ಮಾತ್ರ ಷೇರುದಾರನ ಪಾಲು ಶಾಶ್ವತವಾಗಿ ಕುಗ್ಗುತ್ತದೆ. ಸ್ಯಾಂಟಾಂಡರ್‌ನದೇ ಉದಾಹರಣೆ ಇದೆ. 2014ರವರೆಗೆ ವರ್ಷಕ್ಕೆ ಷೇರಿಗೆ 60 ಸೆಂಟ್ ಡಿವಿಡೆಂಡ್ ಎಂದು ಹೇಳುತ್ತಿದ್ದರು. ಆಗಿನ ಬೆಲೆಗೆ ಅದು ಶೇ 8ಕ್ಕೂ ಹೆಚ್ಚು. ಆದರೆ ಬಹುಪಾಲು ಷೇರುದಾರರು ನಗದಿನ ಬದಲು ಹೊಸ ಷೇರು ಪಡೆಯುತ್ತಿದ್ದರು. ಷೇರುಗಳ ಸಂಖ್ಯೆ ವರ್ಷ ವರ್ಷ ಉಬ್ಬುತ್ತಿತ್ತು, ಪ್ರತಿ ಷೇರಿನ ಪಾಲು ತೆಳುವಾಗುತ್ತಿತ್ತು. ಆನಾ ಬೊತಿನ್ ಅಧ್ಯಕ್ಷೆಯಾದ ಕೆಲವೇ ತಿಂಗಳಲ್ಲಿ, 2015ರ ಜನವರಿಯಲ್ಲಿ, ಮಾರುಕಟ್ಟೆ ಬೆಲೆಗಿಂತ ಸುಮಾರು ಶೇ 10 ಅಗ್ಗಕ್ಕೆ, 6.18 ಯೂರೊ ದರದಲ್ಲಿ 750 ಕೋಟಿಯ ಹೊಸ ಷೇರು ಮಾರಿದರು. ಡಿವಿಡೆಂಡನ್ನು 20 ಸೆಂಟ್‌ಗೆ ಇಳಿಸಿದರು. 2017ರಲ್ಲಿ ಮತ್ತೆ ಸುಮಾರು 700 ಕೋಟಿ, ಈ ಸಲ 4.85 ಯೂರೊ ದರದಲ್ಲಿ.

ಆ ಎರಡನೆಯ ಸಲದ ಕಾರಣ ಬಾಂಕೊ ಪೊಪುಲಾರ್. ರಿಯಲ್ ಎಸ್ಟೇಟ್ ಸಾಲಗಳಲ್ಲಿ ಸಿಕ್ಕಿಬಿದ್ದಿದ್ದ ಆ ಸ್ಪ್ಯಾನಿಷ್ ಬ್ಯಾಂಕಿನಿಂದ ಠೇವಣಿದಾರರು ಹಣ ಹಿಂತೆಗೆಯತೊಡಗಿದರು. 2017ರ ಜೂನ್ 6ರಂದು ಯುರೋಪಿನ ಕೇಂದ್ರ ಬ್ಯಾಂಕ್ ಅದು ವಿಫಲವಾಗಲಿದೆ ಎಂದು ಘೋಷಿಸಿತು. ಬೆಳಗಾಗುವಷ್ಟರಲ್ಲಿ ಅದನ್ನು ಒಂದು ಯೂರೊಗೆ ಸ್ಯಾಂಟಾಂಡರ್‌ಗೆ ಮಾರಲಾಗಿತ್ತು. ಪೊಪುಲಾರ್ ಷೇರುದಾರರಿಗೆ, ಎಟಿ1 ಬಾಂಡ್ ಹಿಡಿದವರಿಗೆ ಸಿಕ್ಕಿದ್ದು ಸೊನ್ನೆ. ಪುಸ್ತಕದಲ್ಲಿ ಬಂಡವಾಳ ಇನ್ನೂ ಇತ್ತು, ಗಲ್ಲಾಪೆಟ್ಟಿಗೆಯಲ್ಲಿ ನಗದು ಇರಲಿಲ್ಲ. ಬುಕ್ ವ್ಯಾಲ್ಯೂಗಿಂತ ಕಡಿಮೆಗೆ ಸಿಗುವ ಬ್ಯಾಂಕ್ ಷೇರೆಲ್ಲ ಅಗ್ಗ ಎಂದುಕೊಳ್ಳುವವರು ಇದನ್ನು ಮರೆಯಬಾರದು.

ಸ್ಯಾಂಟಾಂಡರ್‌ನ ಸಿಇಟಿ1 ಅನುಪಾತ (ಅಪಾಯಕ್ಕೆ ತಕ್ಕಂತೆ ತೂಗಿದ ಆಸ್ತಿಗೆ ಷೇರುದಾರರ ಬಂಡವಾಳ ಶೇಕಡಾ ಎಷ್ಟು ಎಂಬುದು) 2024ರ ಕೊನೆಗೆ ಶೇ 12.8 ಇತ್ತು. ಕನಿಷ್ಠ 4.5, ಅದರ ಮೇಲೆ ಮೇಲ್ವಿಚಾರಕರು ಈ ಬ್ಯಾಂಕಿಗೆಂದೇ ನಿಗದಿ ಮಾಡಿದ ಪಾಲು, 2.5ರ ಸಂರಕ್ಷಣಾ ಬಫರ್, ದೊಡ್ಡ ಬ್ಯಾಂಕ್ ಎಂಬ ಕಾರಣಕ್ಕೆ ಇನ್ನೊಂದು ಬಫರ್, ಎಲ್ಲ ಸೇರಿ ಶೇ 9 ದಾಟುತ್ತದೆ. ಅಪಾಯಕ್ಕೆ ತಕ್ಕಂತೆ ತೂಗಿದ ಆಸ್ತಿ ಆಗ ಸುಮಾರು 62,500 ಕೋಟಿ ಯೂರೊ ಇದ್ದುದರಿಂದ ಶೇ 1 ಎಂದರೆ 625 ಕೋಟಿ. ಇದನ್ನು ನೆನಪಿಟ್ಟುಕೊಂಡರೆ ಪ್ರತಿ ಸುದ್ದಿಯನ್ನೂ ತೂಗಬಹುದು. ಒಂದು ಸಣ್ಣ ಎಚ್ಚರಿಕೆ: ಸಾಲದ ಅಪಾಯವನ್ನು ಕಂತೆಗಳಾಗಿ ಹೂಡಿಕೆದಾರರಿಗೆ ದಾಟಿಸಿ ಬಂಡವಾಳ ಬಿಡಿಸಿಕೊಳ್ಳುವ ವಿಧಾನವನ್ನು ಈ ಬ್ಯಾಂಕ್ ಯಥೇಚ್ಛವಾಗಿ ಬಳಸುತ್ತದೆ. ಮಾರುಕಟ್ಟೆ ಚೆನ್ನಾಗಿದ್ದಾಗ ಅದು ಜಾಣತನ. ಬಿಕ್ಕಟ್ಟಿನ ಸಮಯದಲ್ಲಿ ಕೊಳ್ಳುವವರು ಸಿಗುವುದಿಲ್ಲ.

2021ರಿಂದ ಬ್ಯಾಂಕ್ ದಿಕ್ಕು ಬದಲಿಸಿದೆ. 1,734 ಕೋಟಿ ಇದ್ದ ಷೇರುಗಳ ಸಂಖ್ಯೆ ಬೈಬ್ಯಾಕ್ ಮೂಲಕ (ಬ್ಯಾಂಕೇ ತನ್ನ ಷೇರು ಮರಳಿ ಕೊಳ್ಳುವುದು) 2024ರ ಕೊನೆಗೆ 1,515 ಕೋಟಿಗೆ ಇಳಿದಿದೆ. ಲಾಭದ ಅರ್ಧದಷ್ಟನ್ನು ಷೇರುದಾರರಿಗೆ ಕೊಡುವುದು, ಅದರಲ್ಲಿ ಸರಿಸುಮಾರು ಅರ್ಧ ನಗದು, ಅರ್ಧ ಬೈಬ್ಯಾಕ್ ಎಂಬುದು 2024ರ ನೀತಿಯಾಗಿತ್ತು. ಬುಕ್ ವ್ಯಾಲ್ಯೂಗಿಂತ ಕಡಿಮೆಗೆ ಷೇರು ಮರಳಿ ಕೊಂಡಾಗ ಉಳಿದ ಪ್ರತಿ ಷೇರಿನ ಬುಕ್ ವ್ಯಾಲ್ಯೂ ಏರುತ್ತದೆ. 2021ರಿಂದ 2024ರವರೆಗೆ ಆದದ್ದು ಅದೇ. ಬೆಲೆ ಬುಕ್ ವ್ಯಾಲ್ಯೂ ದಾಟಿದ ಮೇಲೆ ಪ್ರತಿ ಬೈಬ್ಯಾಕೂ ಅದನ್ನು ಸ್ವಲ್ಪ ಇಳಿಸುತ್ತದೆ, ಪ್ರತಿ ಷೇರಿನ ಗಳಿಕೆ ಮಾತ್ರ ಏರುತ್ತದೆ. 10 ಯೂರೊ ದರದಲ್ಲಿ ಮಾಡುವ ಬೈಬ್ಯಾಕನ್ನು 4 ಯೂರೊ ಕಾಲದ ಬೈಬ್ಯಾಕಿನಷ್ಟೇ ಮೆಚ್ಚಲು ಕಾರಣವಿಲ್ಲ.

ಬಂಡವಾಳವನ್ನು ಎಲ್ಲಿ ಹಾಕುತ್ತಾರೆ, ಎಲ್ಲಿಂದ ತೆಗೆಯುತ್ತಾರೆ ಎಂಬುದು ಆಡಳಿತದ ನಿಜವಾದ ಪರೀಕ್ಷೆ. 2025ರ ಮೇ ತಿಂಗಳಲ್ಲಿ ಪೋಲೆಂಡ್ ಘಟಕದ ಶೇ 49ನ್ನು ಆಸ್ಟ್ರಿಯಾದ ಎರ್ಸ್ಟೆ ಬ್ಯಾಂಕಿಗೆ 680 ಕೋಟಿ ಯೂರೊಗೆ ಮಾರುವ ಒಪ್ಪಂದವಾಯಿತು. ಅದು ಬುಕ್ ವ್ಯಾಲ್ಯೂನ 2.2 ಪಟ್ಟು, 2024ರ ಗಳಿಕೆಯ 11 ಪಟ್ಟು. ಆಗ ಸ್ಯಾಂಟಾಂಡರ್‌ನ ಷೇರೇ ಅದಕ್ಕಿಂತ ಬಹಳ ಅಗ್ಗವಾಗಿತ್ತು. ಇದು ಒಳ್ಳೆಯ ವ್ಯಾಪಾರ. ಜುಲೈನಲ್ಲಿ ಬ್ರಿಟನ್‌ನ ಟಿಎಸ್‌ಬಿ ಬ್ಯಾಂಕನ್ನು 265 ಕೋಟಿ ಪೌಂಡ್‌ಗೆ, ಬುಕ್ ವ್ಯಾಲ್ಯೂನ 1.45 ಪಟ್ಟಿಗೆ ಕೊಳ್ಳಲು ಒಪ್ಪಿದರು. ಇದರ ಸಮರ್ಥನೆ ನಿಂತಿರುವುದು ವರ್ಷಕ್ಕೆ 40 ಕೋಟಿ ಪೌಂಡ್ ವೆಚ್ಚ ಉಳಿಸುತ್ತೇವೆ ಎಂಬ ಮಾತಿನ ಮೇಲೆ. ಶಾಖೆಗಳನ್ನೂ ಕಂಪ್ಯೂಟರ್ ವ್ಯವಸ್ಥೆಗಳನ್ನೂ ಒಂದುಗೂಡಿಸಿದ ಮೇಲಷ್ಟೇ ಆ ಉಳಿತಾಯ ಕಾಣಬೇಕು. ಬ್ರಿಟನ್‌ನಲ್ಲಿ ವಾಹನ ಸಾಲದ ಕಮಿಷನ್ ವಿವಾದವೂ ಇದೆ: ಸಾಲ ಕೊಡಿಸಿದ ವಾಹನ ಮಾರಾಟಗಾರರಿಗೆ ಕೊಟ್ಟ ಕಮಿಷನ್ ಗ್ರಾಹಕರಿಗೆ ಸರಿಯಾಗಿ ತಿಳಿಸಿರಲಿಲ್ಲ ಎಂಬ ದೂರು. ಅದಕ್ಕಾಗಿ ಅಲ್ಲಿನ ಘಟಕ 29.5 ಕೋಟಿ ಪೌಂಡ್ ತೆಗೆದಿಟ್ಟಿತ್ತು. 2025ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪು ಸಾಲ ಕೊಟ್ಟ ಸಂಸ್ಥೆಗಳ ಹೊರೆಯನ್ನು ಬಹಳ ಮಟ್ಟಿಗೆ ಇಳಿಸಿತು, ಪೂರ್ತಿ ಅಲ್ಲ.

ಬೆಲೆಯಲ್ಲಿ ಅಡಗಿರುವ ನಂಬಿಕೆ

ಇಷ್ಟಾದ ಮೇಲೆ ಬೆಲೆಯ ಲೆಕ್ಕ. ಸೂತ್ರ ಒಂದೇ ಸಾಲಿನದು: ಬಂಡವಾಳದ ಮೇಲಿನ ಪ್ರತಿಫಲದಿಂದ ದೀರ್ಘಾವಧಿ ಬೆಳವಣಿಗೆ ದರ ಕಳೆಯಿರಿ, ಹೂಡಿಕೆದಾರ ಬಯಸುವ ಪ್ರತಿಫಲದಿಂದಲೂ ಅದನ್ನೇ ಕಳೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದ ಉತ್ತರವೇ ಬುಕ್ ವ್ಯಾಲ್ಯೂನ ಎಷ್ಟು ಪಟ್ಟು ಕೊಡಬಹುದು ಎಂಬುದು. ಇದನ್ನು ಹಿಂದುಮುಂದಾಗಿ ಬಳಸಿದರೆ ಇನ್ನೂ ಉಪಯುಕ್ತ. ಬಯಸುವ ಪ್ರತಿಫಲ ಶೇ 11, ಬೆಳವಣಿಗೆ ಶೇ 3 ಎಂದಿಟ್ಟುಕೊಳ್ಳಿ. 2024ರ ಕೊನೆಗೆ 4.46 ಯೂರೊ ಬೆಲೆ ಬುಕ್ ವ್ಯಾಲ್ಯೂನ 0.85 ಪಟ್ಟು. ಅಂದರೆ ಮಾರುಕಟ್ಟೆ ಈ ಬ್ಯಾಂಕ್ ಮುಂದೆ ಶೇ 9.8 ಮಾತ್ರ ಗಳಿಸುತ್ತದೆ ಎಂದು ನಂಬಿತ್ತು. ಆಗಲೇ ಅದು ಶೇ 15.5 ಗಳಿಸುತ್ತಿತ್ತು. ಅಂಥ ಅಂತರದಲ್ಲಿ ತಪ್ಪಿಗೆ ಬೇಕಾದಷ್ಟು ಜಾಗ ಇತ್ತು.

10 ಯೂರೊದಲ್ಲಿ? ಬುಕ್ ವ್ಯಾಲ್ಯೂ ಒಂದು ವರ್ಷದಲ್ಲಿ ಬೆಳೆದು 5.7 ಆಗಿದೆ ಎಂದುಕೊಂಡರೆ ಬೆಲೆ 1.75 ಪಟ್ಟು. ಅದೇ ಸೂತ್ರದಲ್ಲಿ ಬ್ಯಾಂಕ್ ಪ್ರತಿ ವರ್ಷ ಶೇ 17 ಗಳಿಸುತ್ತಲೇ ಇರಬೇಕು. ಬಯಸುವ ಪ್ರತಿಫಲವನ್ನು ಶೇ 10ಕ್ಕೆ ಇಳಿಸಿಕೊಂಡರೆ ಶೇ 15.25 ಸಾಕು. ಒಂದೇ ಒಂದು ಅಂಕದ ವ್ಯತ್ಯಾಸಕ್ಕೆ ತೀರ್ಮಾನವೇ ತಲೆಕೆಳಗಾಗುತ್ತದೆ. ಲಾಭದ ಅಷ್ಟು ಭಾಗ ಬ್ರೆಜಿಲ್, ಮೆಕ್ಸಿಕೊ, ಅರ್ಜೆಂಟೀನಾದಿಂದ ಬರುವ ಬ್ಯಾಂಕಿಗೆ ಶೇ 10 ಸಾಕು ಎನ್ನುವುದು ಉದಾರ ಲೆಕ್ಕ, 11 ಅಥವಾ 12 ನ್ಯಾಯ. ಆ ಲೆಕ್ಕದಲ್ಲಿ 10 ಯೂರೊ ಬೆಲೆಗೆ ಎಲ್ಲವೂ ಸರಿಯಾಗಿ ನಡೆಯಬೇಕು, ಒಂದು ಕೆಟ್ಟ ವರ್ಷಕ್ಕೂ ಎಡೆಯಿಲ್ಲ. ಬೆಲೆ ಬುಕ್ ವ್ಯಾಲ್ಯೂನ 1.3 ಪಟ್ಟಿಗೆ ಬಂದರೆ ಆಗ ಶೇ 13.4ರ ಗಳಿಕೆಯಷ್ಟೇ ಸಾಕು. ಅದು ಈ ಬ್ಯಾಂಕಿನ ಕೈಗೆಟುಕುವ ಮಟ್ಟ.

ಭಾರತದಿಂದ ಕೊಳ್ಳುವವರಿಗೆ

ಬೆಂಗಳೂರಿನಲ್ಲಿ ಕುಳಿತು ಕೊಳ್ಳುವವರಿಗೆ ಸುಲಭದ ದಾರಿ ನ್ಯೂಯಾರ್ಕ್ ಷೇರುಪೇಟೆಯಲ್ಲಿರುವ ಎಡಿಆರ್ (ವಿದೇಶಿ ಷೇರಿನ ಬದಲಿಗೆ ಅಮೆರಿಕದಲ್ಲಿ ವಹಿವಾಟಾಗುವ ಪತ್ರ), ಒಂದು ಎಡಿಆರ್‌ಗೆ ಒಂದು ಷೇರು. ವಿದೇಶಕ್ಕೆ ಹಣ ಕಳುಹಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಕಳುಹಿಸಬಹುದು. ಹೂಡಿಕೆಗೆಂದು ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಶೇ 20 ಟಿಸಿಎಸ್ (ಮೊದಲೇ ವಸೂಲು ಮಾಡುವ ತೆರಿಗೆ) ಕಡಿತವಾಗುತ್ತದೆ, ಅದನ್ನು ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಕೊಳ್ಳುವಾಗ ಸ್ಪೇನಿನ ಶೇ 0.2 ವಹಿವಾಟು ತೆರಿಗೆ ಎಡಿಆರ್‌ಗೂ ಅನ್ವಯಿಸುತ್ತದೆ. 24 ತಿಂಗಳು ದಾಟಿ ಮಾರಿದರೆ ಲಾಭದ ಮೇಲೆ ಭಾರತದಲ್ಲಿ ಶೇ 12.5 ತೆರಿಗೆ. ಷೇರು ಇಟ್ಟುಕೊಂಡಿರುವಷ್ಟು ಕಾಲವೂ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ಅದನ್ನು ತೋರಿಸಬೇಕು, ಆ ಪಟ್ಟಿಯ ಲೆಕ್ಕ ಏಪ್ರಿಲ್‌ನಿಂದಲ್ಲ, ಜನವರಿಯಿಂದ ಡಿಸೆಂಬರ್‌ವರೆಗಿನದು. ಹೆಚ್ಚಿನವರು ಎಡವುವುದು ಇಲ್ಲೇ.

ಡಿವಿಡೆಂಡ್ ನಂಬಿ ಕೊಳ್ಳುವವರು ಈ ಲೆಕ್ಕವನ್ನೂ ಮಾಡಲಿ. 2024ರ ಲಾಭಕ್ಕೆ ಒಟ್ಟು 21 ಸೆಂಟ್ ಡಿವಿಡೆಂಡ್. 4.46 ಯೂರೊಗೆ ಕೊಂಡವರಿಗೆ ಅದು ಶೇ 4.7, 10 ಯೂರೊಗೆ ಕೊಂಡವರಿಗೆ ಶೇ 2.1. ಸ್ಪೇನ್ ಮೂಲದಲ್ಲೇ ಶೇ 19 ಹಿಡಿದುಕೊಳ್ಳುತ್ತದೆ. ಭಾರತದ ಜೊತೆಗಿನ ಒಪ್ಪಂದದ ಮಿತಿ ಶೇ 15, ಇಲ್ಲಿ ವಿನಾಯಿತಿ ಸಿಗುವುದೂ ಅಷ್ಟಕ್ಕೇ. ಉಳಿದ ಶೇ 4ನ್ನು ಸ್ಪೇನಿನ ತೆರಿಗೆ ಇಲಾಖೆಯಿಂದ ಅರ್ಜಿ ಹಾಕಿ, ಇಲ್ಲಿನ ನಿವಾಸಿ ಪ್ರಮಾಣಪತ್ರ ಜೋಡಿಸಿ ವಾಪಸ್ ಪಡೆಯಬೇಕು. ಸಾವಿರ ಷೇರಿಗೆ ಆ ಶೇ 4 ಎಂದರೆ ವರ್ಷಕ್ಕೆ ಎಂಟೂವರೆ ಯೂರೊಗೂ ಕಡಿಮೆ.